ಬಾನೆಟ್ ಅಕ್ಕ ತಮಗೊಂದು ಗಾಡಿ ನೋಡಿಕೊಂಡರು

ಇನ್ನೂ ಪೂರ್ತಿ ಬೆಳಕು ಹರಿದಿಲ್ಲ. ಬಂದರಿನ ಹಿಂಬದಿಯ ಬೀದಿಯಲ್ಲಿ ಕೊನೆಯ ಶೆಡ್ಡಿನ ಬಾಗಿಲು ಮಾತ್ರ ತೆರೆದಿದೆ. ಒಳಗೆ ಆಯಿಲ್ ಡಬ್ಬಕ್ಕೆ ಒರಗಿಸಿಟ್ಟ ಒಂದು ಮೊಬೈಲು, ಅದರೆದುರು ಗಿಡ್ಡ ಸ್ಟೂಲಿನ ಮೇಲೆ ಐವತ್ತು ದಾಟಿದ ಒಬ್ಬ ಹೆಂಗಸು. ತಲೆಗೆ ಟವೆಲ್ಲು, ಮೈಮೇಲೆ ತೋಳು ಮಡಚಿದ ಗಂಡನ ಹಳೇ ಖಾಕಿ ಶರಟು, ಕೈಯಲ್ಲಿ ಆರಿಹೋದ ಕಾಫಿ. ಮೊಬೈಲಿನ ಪರದೆ ತುಂಬ ಹಸಿರು ಬಣ್ಣದ ಹಳೇ ಮಿಲಿಟರಿ ಲಾರಿಯೊಂದರ ಮೂತಿ. ಲಾರಿ ಇರುವುದು ಕಡಲಾಚೆ. ಅಲ್ಲಿ ಆಗಲೇ ಚೆನ್ನಾಗಿ ಬೆಳಗಾಗಿದೆ.

“ಬಾನೆಟ್ ಮೇಲೆ ಕೈ ಇಡಿ,” ಅನ್ನುತ್ತಾರೆ ಇವರು. “ಬೆರಳ ತುದಿ ಅಲ್ಲ, ಅಂಗೈ ಪೂರ್ತಿ. ಮುಖ ಈ ಕಡೆ ಇರಲಿ.”

ಪರದೆಯೊಳಗಿನ ಅಜ್ಜ ಕೈಗವಸು ಕಳಚಿ, ಅಂಗೈ ಊರಿದವರೇ ಚೇಳು ಕುಟುಕಿದವರ ಹಾಗೆ ಹಿಂದಕ್ಕೆ ಎಳೆದುಕೊಳ್ಳುತ್ತಾರೆ. ಇವರ ಮುಖ ಅರಳುತ್ತದೆ. ಎಂಜಿನ್ ತಣ್ಣಗಿದೆ, ಯಾರೂ ಮೊದಲೇ ಓಡಿಸಿ ಬೆಚ್ಚಗೆ ಮಾಡಿ ಇಟ್ಟಿಲ್ಲ. ಪರೀಕ್ಷೆ ಶುರು ಮಾಡಬಹುದು.

ಹಳೇ ಮಿಲಿಟರಿ ಗಾಡಿಗಳ ಹುಚ್ಚು ಹತ್ತಿಸಿಕೊಂಡವರು ಈ ಊರಲ್ಲೂ ಇದ್ದಾರೆ, ಎಲ್ಲ ಊರಲ್ಲೂ ಇದ್ದಾರೆ. ಅವರ ನಡುವೆ ಈ ಹೆಂಗಸಿಗೆ ಬಾನೆಟ್ ಅಕ್ಕ ಅಂತಲೇ ಹೆಸರು. ತಲೆ ಯಾವಾಗಲೂ ಬಾನೆಟ್ಟಿನ ಒಳಗೇ ಇರುವುದರಿಂದ ಬಂದ ಹೆಸರು ಅದು. ಹೊರದೇಶದಲ್ಲಿ ಯಾರೋ ತುಕ್ಕು ಹಿಡಿದ ಜೀಪನ್ನೋ ಲಾರಿಯನ್ನೋ ಬಿಚ್ಚಿ, ತಿಕ್ಕಿ, ಮತ್ತೆ ಜೋಡಿಸಿ ಮಾರಾಟಕ್ಕೆ ಇಟ್ಟಿರುತ್ತಾರೆ. ಇಲ್ಲಿಯ ಶೋಕಿಯವರು ಫೋಟೋ ನೋಡಿ ಜೊಲ್ಲು ಸುರಿಸುತ್ತಾರೆ. ಆಮೇಲೆ ಎದೆ ಹೊಡೆದುಕೊಳ್ಳಲು ಶುರುವಾಗಿ ಬಾನೆಟ್ ಅಕ್ಕನ ಹತ್ತಿರ ಓಡಿ ಬರುತ್ತಾರೆ. ಕೊಳ್ಳಬಹುದೋ, ಕೂಡದೋ? ಅಷ್ಟು ಹೇಳುವುದೇ ಇವರ ಕಸುಬು. ಇಪ್ಪತ್ತೈದು ವರ್ಷದಿಂದ ಹೇಳುತ್ತಾ ಬಂದಿದ್ದಾರೆ.

ಇವರು ಒಪ್ಪಿದ ಗಾಡಿಗಳು ಮೆರವಣಿಗೆಯಲ್ಲಿ ಹೋಗಿವೆ, ಪೇಪರಿನ ಮುಖಪುಟದಲ್ಲಿ ಬಂದಿವೆ. ಒಂದು ಫೋಟೋದಲ್ಲೂ ಇವರಿಲ್ಲ. ಯಾಕೆ ಅಂತ ಕೇಳಿದರೆ ಬೇಸರವೇನೂ ಇಲ್ಲದೆ ನಗುತ್ತಾರೆ: “ಇದ್ದೆ ಕಣ್ರೀ, ಗಾಡಿ ಕೆಳಗಿದ್ದೆ.”

ನೋಡುವ ರೀತಿ ಇವರದ್ದೇ. ಮಿರುಗುವ ಬಣ್ಣವನ್ನು ಕಣ್ಣೆತ್ತಿಯೂ ನೋಡುವುದಿಲ್ಲ. ಬೆಳ್ಳಗಿರೋದೆಲ್ಲಾ ಹಾಲಲ್ಲ ಅನ್ನುವವರು. ಬಟ್ಟೆಯಲ್ಲಿ ಸುತ್ತಿದ ಅಯಸ್ಕಾಂತವನ್ನು ತಗಡಿನ ಮೇಲೆ ಮೆಲ್ಲಗೆ ಓಡಿಸಿ ಅಂತಾರೆ. ಎಲ್ಲಿ ಅದು ಅಂಟದೆ ಜಾರುತ್ತದೋ ಅಲ್ಲಿ ತಗಡು ತಿಂದುಹೋಗಿ ಪುಟ್ಟಿ ಮೆತ್ತಿದ್ದಾರೆ ಅಂತ ಲೆಕ್ಕ. ಸೀಟು ಎತ್ತಿಸುತ್ತಾರೆ, ಕಾಲಡಿಯ ಮ್ಯಾಟು ಸರಿಸುತ್ತಾರೆ, ಬಣ್ಣ ತಾಗದ ಮೂಲೆ ಹುಡುಕಿಸುತ್ತಾರೆ. ಬಣ್ಣ ಹೊಡೆಯುವವನ ಕೈ ಹೋಗದ ಕಡೆಯೇ ಗಾಡಿ ನಿಜ ಹೇಳುತ್ತದೆ ಅನ್ನುವುದು ಇವರ ನಂಬಿಕೆ.

ಕೊನೆಯದು ಮತ್ತು ಎಲ್ಲಕ್ಕಿಂತ ದೊಡ್ಡದು ತಣ್ಣನೆ ಸ್ಟಾರ್ಟ್. ಸೋತ ಎಂಜಿನ್ನು ಕೂಡ ಒಮ್ಮೆ ಬಿಸಿಯಾದರೆ ಸೆಲ್ಫ್ ಮುಟ್ಟಿದ್ದೇ ತಡ ಎದ್ದು ಕೂರುತ್ತದೆ. ಅದಕ್ಕೇ ಮಾರುವವರು ನಸುಕಿನಲ್ಲೇ ಅರ್ಧ ಗಂಟೆ ಓಡಿಸಿ, ಏನೂ ಗೊತ್ತಿಲ್ಲದವರ ಹಾಗೆ ನಿಂತಿರುತ್ತಾರೆ. ಇವರು ಮೊದಲು ಅಂಗೈ ಇಡಿಸಿ ಅವರ ಮುಖ ನೋಡುತ್ತಾರೆ. “ತಣ್ಣನೆ ತಗಡು ಮುಟ್ಟಿದವನ ಮುಖ ಒಂದು ಥರ, ಬೆಚ್ಚಗಿರೋದು ಮುಟ್ಟಿದವನ ಮುಖ ಇನ್ನೊಂದು ಥರ. ಬಾಯಿ ಸುಳ್ಳು ಹೇಳುತ್ತೆ, ಮುಖಕ್ಕೆ ಅಷ್ಟು ಬೇಗ ಬರಲ್ಲ.” ಬೆಚ್ಚಗಿದೆ ಅನಿಸಿದರೆ ಒಂದೇ ಮಾತು: ಬೇಡ. ಆ ‘ಬೇಡ’ವನ್ನು ಇವರು ಈವರೆಗೆ ವಾಪಸು ತೆಗೆದುಕೊಂಡದ್ದಿಲ್ಲ. ಬಂದರಿನ ಏಜೆಂಟರು ಕಡಲಾಚೆಯವರಿಗೆ ಮೊದಲೇ ಹೇಳಿಬಿಡುತ್ತಾರಂತೆ, ಆ ಹೆಂಗಸಿನ ಹತ್ತಿರ ಆಟ ನಡೆಯೋದಿಲ್ಲ, ಹುಷಾರು ಅಂತ.

ಆದರೆ ಈವತ್ತಿನ ನಸುಕು ಬೇರೆ. ಈವತ್ತು ಬಾನೆಟ್ ಅಕ್ಕ ಯಾರಿಗೋ ನೋಡುತ್ತಿಲ್ಲ. ತಮಗೇ ನೋಡಿಕೊಳ್ಳುತ್ತಿದ್ದಾರೆ! ಸ್ಟೂಲಿನ ಮೇಲೆ ಕೂತ ಕಾಲು ಹೊಲಿಗೆ ಮೆಷೀನು ತುಳಿದ ಹಾಗೆ ಕುಣಿಯುತ್ತಿದೆ. ಆಚೆ ಮೂಲೆಯಲ್ಲಿ ಅವರ ಅತ್ತೆ, ಎಂಬತ್ತರ ಮುದುಕಿ, ತಟ್ಟೆಯಲ್ಲಿ ನಟ್ಟು ಬೋಲ್ಟು ಹರಡಿಕೊಂಡು ಅಕ್ಕಿ ಆರಿಸಿದ ಹಾಗೆ ಆರಿಸುತ್ತಾ ಕೂತಿದ್ದಾರೆ. ದಿನಾ ಇದೇ ಅವರ ಕೆಲಸ. ಈವತ್ತು ಮಾತ್ರ ಒಂದೇ ನಟ್ಟನ್ನು ಎತ್ತಿ ಎತ್ತಿ ಅದೇ ಡಬ್ಬಿಗೆ ಹಾಕುತ್ತಿದ್ದಾರೆ, ಕಣ್ಣೆಲ್ಲ ಮೊಬೈಲಿನ ಕಡೆಗಿದೆ.

ಈ ಆಸೆ ಹುಟ್ಟಿದ ಕಥೆ ಕೇಳಿ. ಎರಡು ತಿಂಗಳ ಹಿಂದೆ ಒಬ್ಬ ಶೋಕಿಯವರು ಈ ಲಾರಿಯ ಫೋಟೋ ತಂದು ತೋರಿಸಿದ್ದರು. ಯುದ್ಧದ ಕಾಲದಲ್ಲಿ ಕೆಟ್ಟು ನಿಂತ ಗಾಡಿಗಳ ಹತ್ತಿರ ಹೋಗಿ ರಿಪೇರಿ ಮಾಡುತ್ತಿದ್ದ ಲಾರಿಯಂತೆ. ಹಿಂದಿನ ಪೆಟ್ಟಿಗೆಯ ಪಕ್ಕದ ತಗಡನ್ನು ಮೇಲೆತ್ತಿದರೆ ಅದೇ ಚಪ್ಪರ, ಕೆಳಗಿನದನ್ನು ಇಳಿಸಿದರೆ ಅದೇ ಕೆಲಸದ ಬೆಂಚು. ಒಳಗೆ ಕಬ್ಬಿಣ ಕಚ್ಚಿ ಹಿಡಿಯುವ ವೈಸು, ಗ್ರೈಂಡರು, ಗೋಡೆಯುದ್ದಕ್ಕೂ ಡ್ರಾಯರುಗಳು, ಹಿಂದೆ ಎಂಜಿನ್ ಎತ್ತುವ ಪುಟ್ಟ ಕ್ರೇನು. ಶೋಕಿಯವರಿಗೆ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುವಂಥದ್ದು ಬೇಕಿತ್ತು. “ಇದೇನ್ರೀ, ಗಾಡಿಯೋ ಗ್ಯಾರೇಜೋ? ನಂಗೆ ಬೇಡಪ್ಪ,” ಅಂತ ಎದ್ದು ಹೋದರು. ಅವರು ಹೋದ ಮೇಲೂ ಬಾನೆಟ್ ಅಕ್ಕ ಆ ಫೋಟೋ ನೋಡುತ್ತಾ ಕೂತೇ ಇದ್ದರು.

ಯಾಕೆಂದರೆ ಅದೇ ವಾರ ಈ ಶೆಡ್ಡು ಖಾಲಿ ಮಾಡಬೇಕು ಅನ್ನುವ ಮಾತು ಬಂದಿತ್ತು. ಜಾಗದ ಯಜಮಾನರು ಕೆಟ್ಟವರಲ್ಲ. ಅವರ ಮಕ್ಕಳು ಇಡೀ ಬೀದಿಯನ್ನು ಕೆಡವಿ ಗೋದಾಮು ಕಟ್ಟುತ್ತಾರಂತೆ. ಗಾಡಿ ನೋಡಿ ಹೇಳುವುದು ಇವರಿಗೆ ಹೆಸರು ತಂದ ಕೆಲಸ, ನಿಜ. ಆದರೆ ಅದು ತಿಂಗಳಿಗೊಂದೋ ಎರಡೋ. ಮನೆ ನಡೆಯುವುದು ಈ ಶೆಡ್ಡಿನ ದಿನನಿತ್ಯದ ರಿಪೇರಿಯಿಂದ: ಡೆಲಿವರಿ ಆಟೋ, ಮೀನಿನ ವ್ಯಾನು, ಬಂದರಿನ ಕೂಲಿಯವರ ಸ್ಕೂಟರು. ಬೇರೆ ಶೆಡ್ಡಿಗಾಗಿ ಸುತ್ತದ ಬೀದಿ ಇಲ್ಲ. ಬಾಡಿಗೆ ಕೇಳಿದರೆ ತಲೆ ತಿರುಗುತ್ತದೆ, ಇಲ್ಲವೇ ಹೆಂಗಸರ ಗ್ಯಾರೇಜು ಅಂದ ಕೂಡಲೇ ಅಲ್ಲಿಯ ಯಜಮಾನರಿಗೆ ಇದ್ದಕ್ಕಿದ್ದಂತೆ ಅದೇ ಜಾಗಕ್ಕೆ ನೆಂಟರು ಬರುವುದಿರುತ್ತದೆ! “ಶೆಡ್ಡು ಹೋದ್ರೆ ನಾನು ಹೇಳೋಕೆ ಮಾತ್ರ ಮೆಕ್ಯಾನಿಕ್ಕು. ಕೈಗೆ ಕೆಲಸ ಇಲ್ಲದ ಮೆಕ್ಯಾನಿಕ್ಕು ಅಂದ್ರೆ ಬಾಯಿ ಬಡಾಯಿ ಅಷ್ಟೇ ಅಲ್ವಾ?” ಅನ್ನುತ್ತಾರೆ.

ಆಗ ಹೊಳೆದದ್ದು ಇದು. ಶೆಡ್ಡು ಸಿಗದಿದ್ದರೆ ಬೇಡ, ಶೆಡ್ಡನ್ನೇ ಓಡಿಸಿದರೆ? ಸಿಟಿ ಬಸ್ಸು ಓಡಿಸುವ ಗಂಡನಿಗೆ ಹೇಳಿದಾಗ ಅವರು ಊಟದ ತಟ್ಟೆಯಿಂದ ತಲೆಯೆತ್ತಿ, ಊರಿಗೆಲ್ಲ ಬೇಡ ಬೇಡ ಅಂತ ಹೇಳಿ ಕಡೆಗೆ ನೀನೇ ಬಿದ್ದೆಯಲ್ಲ ಅಂತ ನಕ್ಕರಂತೆ. ನಕ್ಕು ಮುಗಿಸಿ, ಲಾರಿಯ ಅಗಲ ಎಷ್ಟು, ನಮ್ಮ ಬೀದಿಯಲ್ಲಿ ತಿರುಗುತ್ತಾ ಅಂತ ಕೇಳಿದರಂತೆ. ಅಲ್ಲಿಗೆ ಮನೆಯವರ ಒಪ್ಪಿಗೆ ಸಿಕ್ಕ ಹಾಗೆ. ಅತ್ತೆಯದು ಒಂದೇ ಷರತ್ತು: ಲಾರಿಯಲ್ಲಿ ತಮಗೂ ಕೂರಲು ಜಾಗ ಇರಬೇಕು.

ಹಾಗಾಗಿ ಈ ನಸುಕು, ಈ ಆರಿದ ಕಾಫಿ. ಆಚೆ ಕಡೆ ಲಾರಿಯ ಪಕ್ಕ ನಿಂತ ಅಜ್ಜನೇ ಅದನ್ನು ಏಳೆಂಟು ವರ್ಷ ಕೂತು ಜೋಡಿಸಿದವರು. ಮೊಬೈಲು ಹಿಡಿದಿರುವುದು ಅವರ ಹೆಂಡತಿ, ಅಜ್ಜಿ. ಅವರ ಭಾಷೆಯನ್ನು ಬಾನೆಟ್ ಅಕ್ಕ ಈ ಕಸುಬಿನಲ್ಲಿ ಸುಮಾರಾಗಿ ಕಲಿತಿದ್ದಾರೆ. ಹವಾಮಾನ, ಯೋಗಕ್ಷೇಮ ಬರುವುದಿಲ್ಲ, ರೇಡಿಯೇಟರು ಚೆನ್ನಾಗಿ ಬರುತ್ತದೆ. ಅಯಸ್ಕಾಂತ, ಸೀಟಿನಡಿ, ಗಾಡಿಯಡಿಯ ಛಾಸಿ ಎಲ್ಲ ಹಿಂದಿನ ದಿನಗಳಲ್ಲೇ ನೋಡಿ ಆಗಿದೆ, ಎಲ್ಲದಕ್ಕೂ ನೂರಕ್ಕೆ ನೂರು. ಉಳಿದದ್ದು ಸ್ಟಾರ್ಟ್ ಒಂದೇ. ಒಂದು ಮಾತು ಅಜ್ಜ ಮೊದಲೇ ಹೇಳಿದ್ದಾರೆ. ಇವರು ಬಿಟ್ಟರೆ ಸಾಲಿನಲ್ಲಿ ಒಬ್ಬ ವ್ಯಾಪಾರಿ ಕಾದಿದ್ದಾನೆ, ಹೋಟೆಲ್ಲಿನ ಬಾಗಿಲಲ್ಲಿ ಅಲಂಕಾರಕ್ಕೆ ನಿಲ್ಲಿಸುತ್ತಾನಂತೆ.

“ಸೆಲ್ಫ್ ಹೊಡೀರಿ,” ಅನ್ನುತ್ತಾರೆ ಬಾನೆಟ್ ಅಕ್ಕ.

ಗುರ್‌ರ್… ಅಂತ ಒಂದು ನರಳಾಟ. ಮತ್ತೊಮ್ಮೆ. ಮೂರನೇ ಸಲ ಬರೀ ಟಕ್ ಅಂದು ಸುಮ್ಮನಾಗುತ್ತದೆ. ಅಜ್ಜ ಇಳಿದು ಮುಂದೆ ಬಂದು ಹ್ಯಾಂಡಲ್ ಹಾಕಿ ಎಂಜಿನ್ನನ್ನು ಕೈಯಲ್ಲೇ ತಿರುಗಿಸಲು ನೋಡುತ್ತಾರೆ. ಹ್ಯಾಂಡಲ್ಲು ಗೋಡೆಗೆ ಹೊಡೆದ ಗೂಟದ ಹಾಗೆ ಅಲ್ಲಾಡುವುದೇ ಇಲ್ಲ. ಬಾನೆಟ್ ಅಕ್ಕನ ಕುಣಿಯುತ್ತಿದ್ದ ಕಾಲು ನಿಂತಿದೆ. ತಿರುಗದ ಎಂಜಿನ್ನು ಅಂದರೆ ಒಳಗೆ ಕಚ್ಚಿಕೊಂಡಿದೆ. ಹಾಗಾದರೆ ಇಷ್ಟು ದಿನ ಕಳಿಸಿದ ಓಡುವ ವಿಡಿಯೋಗಳೆಲ್ಲ ಯಾವ ಕಾಲದವು? ಇಪ್ಪತ್ತೈದು ವರ್ಷದ ಅನುಮಾನ ಒಂದೇ ಏಟಿಗೆ ನೆತ್ತಿಗೇರುತ್ತದೆ. ತಮಗೆ ಅಂತ ಬಂದಾಗ ಇನ್ನೊಂದು ಮಾತು ಕೇಳುವ ತಾಳ್ಮೆಯೂ ಇಲ್ಲ. “ಬೇಡ,” ಅಂದುಬಿಡುತ್ತಾರೆ. ಸ್ಟೂಲಿನಿಂದ ಎದ್ದು, ಮೊಬೈಲು ಆರಿಸದೆ ಹಾಗೇ ಬಿಟ್ಟು, ಶೆಡ್ಡಿನ ಹಿಂದೆ ಹೋಗಿ ನಲ್ಲಿಯ ಕೆಳಗೆ ಮುಖ ತೊಳೆಯುತ್ತಾರೆ. ಎಷ್ಟು ಹೊತ್ತು ತೊಳೆದರು ಅಂದರೆ, ಅತ್ತೆ ಎದ್ದು ಹೋಗಿ ನಲ್ಲಿ ನಿಲ್ಲಿಸಬೇಕಾಯಿತು.

ಆ ದಿನ ಮೂರು ಆಟೋ, ಒಂದು ವ್ಯಾನು ರಿಪೇರಿಯಾಗುತ್ತವೆ. ಬಾನೆಟ್ ಅಕ್ಕ ಗಾಡಿ ಕೆಳಗಿನಿಂದ ತಲೆ ಹೊರಗೆ ಹಾಕುವುದಿಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅಂತ ಅತ್ತೆ ಗೊಣಗುತ್ತಾರೆ. ಸಂಜೆ ಡ್ಯೂಟಿ ಮುಗಿಸಿ ಬಂದ ಗಂಡ ಸಮಾಧಾನ ಹೇಳಲು ಹೋಗಿ ಬೈಸಿಕೊಳ್ಳುತ್ತಾರೆ. ಬೈಸಿಕೊಂಡು ಹೆಂಡತಿಯ ಮೊಬೈಲು ತೆಗೆದುಕೊಂಡು ಬೆಳಗಿನ ರೆಕಾರ್ಡಿಂಗು ನೋಡುತ್ತಾ ಕೂರುತ್ತಾರೆ. ಗಿರಾಕಿಗಳಿಗೆ ತೋರಿಸಲು ಬೇಕಾಗುತ್ತದೆ ಅಂತ ಇವರ ಮೊಬೈಲಿನಲ್ಲಿ ಎಲ್ಲ ಪರೀಕ್ಷೆಯೂ ರೆಕಾರ್ಡು ಆಗುತ್ತದೆ. ಬಾನೆಟ್ ಅಕ್ಕ ‘ಬೇಡ’ ಅಂದು ಎದ್ದುಹೋದ ಮೇಲಿನದ್ದೂ ಆಗಿದೆ.

“ಏ, ಬಾ ಇಲ್ಲಿ,” ಅಂತ ಕರೆಯುತ್ತಾರೆ ಗಂಡ. “ಇದು ನೋಡಿದ್ಯಾ?”

ಏನು ನೋಡೋದಿದೆ ಅಂತ ಗದರುತ್ತಲೇ ಬರುತ್ತಾರೆ. ಪರದೆಯಲ್ಲಿ ಲಾರಿಯ ಮೂತಿ ಇಲ್ಲ. ಆಚೆ ಕಡೆ ಅಜ್ಜಿಯೂ ಮೊಬೈಲು ಆರಿಸಲು ಮರೆತು ಕೈ ಇಳಿಸಿದ್ದಾರೆ, ಅದು ಓರೆಯಾಗಿ ಅಂಗಳವನ್ನೆಲ್ಲ ತೋರಿಸುತ್ತಿದೆ. ನೆಲವೆಲ್ಲ ಮೊಣಕಾಲು ಮುಳುಗುವಷ್ಟು ಹಿಮ. ಹಿಮದಲ್ಲಿ ಆಳವಾದ ಚಕ್ರದ ಗುರುತು, ಅಜ್ಜನ ಶೆಡ್ಡಿನ ಬಾಗಿಲಿನಿಂದ ನೇರ ಲಾರಿಯವರೆಗೆ. ಲಾರಿಯ ಮುಂದೆ ಒಂದು ಟ್ರ್ಯಾಕ್ಟರು, ಅದಕ್ಕೆ ಇನ್ನೂ ಬಿಚ್ಚದ ದಪ್ಪನೆ ಹಗ್ಗ. ಅಜ್ಜ ಲಾರಿಯ ಮೆಟ್ಟಿಲ ಮೇಲೆ ಕೂತು ಎರಡೂ ಕೈ ಕಂಕುಳಲ್ಲಿ ಸಿಕ್ಕಿಸಿಕೊಂಡಿದ್ದಾರೆ. ಬಾಯಿಂದ ಕುಕ್ಕರಿನ ಹಾಗೆ ಹಬೆ ಬರುತ್ತಿದೆ.

ಗಂಡ ಮೂವತ್ತು ವರ್ಷದಿಂದ ಡಿಪೋದಲ್ಲಿ ಬಸ್ಸು ಹೊರಗೆ ತೆಗೆಯುವವರು. ಅವರಿಗೆ ಕಂಡದ್ದು ಹಗ್ಗ. “ಓಡೋ ಗಾಡೀನ ಹಗ್ಗ ಕಟ್ಟಿ ಯಾಕೆ ಎಳೀತಾರೆ? ಸ್ಟಾರ್ಟ್ ಮಾಡಿದ್ರೆ ಬೆಚ್ಚಗಾಗುತ್ತಲ್ಲ, ಅದಕ್ಕೆ. ನಿನಗೆ ತಣ್ಣಗಿರ್ಬೇಕು ಅಂತ, ಪಾಪ, ಇಡೀ ರಾತ್ರಿ ಹಿಮದಲ್ಲಿ ನಿಲ್ಲಿಸಿದ್ದಾನೆ ಕಣೇ ಮುದುಕ.”

ಬಾನೆಟ್ ಅಕ್ಕ ಅಲ್ಲೇ ನೆಲದ ಮೇಲೆ ಕೂತುಬಿಡುತ್ತಾರೆ. ಅಂಗೈ ಇಟ್ಟಾಗ ಅಜ್ಜ ಚೇಳು ಕುಟುಕಿದ ಹಾಗೆ ಕೈ ಎಳೆದುಕೊಂಡದ್ದು ಈಗ ಅರ್ಥವಾಗುತ್ತದೆ. ಬಾನೆಟ್ಟು ತಣ್ಣಗಿರಲಿಲ್ಲ, ಕೊರೆಯುತ್ತಿತ್ತು. ಅಂಥ ಚಳಿಯಲ್ಲಿ ಆಯಿಲ್ಲು ಹೆಪ್ಪುಗಟ್ಟಿದ ತುಪ್ಪವಾಗುತ್ತದೆ, ಬ್ಯಾಟರಿ ಸೋಲುತ್ತದೆ, ಹ್ಯಾಂಡಲ್ಲು ಎಂಥ ಪೈಲ್ವಾನನಿಗೂ ತಿರುಗುವುದಿಲ್ಲ. ಇದೆಲ್ಲ ಗೊತ್ತಿಲ್ಲದವರಲ್ಲ ಇವರು. ಗಿರಾಕಿಯ ಗಾಡಿಯಾಗಿದ್ದರೆ ಸುತ್ತಮುತ್ತ ತೋರಿಸಿ ಅಂತ ಕೇಳುತ್ತಿದ್ದರು. ತಮ್ಮದು ಅಂದ ಕೂಡಲೇ ಬಾನೆಟ್ ಬಿಟ್ಟು ಬೇರೆ ಏನನ್ನೂ ನೋಡಲಿಲ್ಲ. ಅತ್ತೆ ಮೂಲೆಯಿಂದಲೇ ತೀರ್ಪು ಕೊಡುತ್ತಾರೆ: “ಕಾಮಾಲೆ ಕಣ್ಣಿಗೆ ಕಾಣೋದೆಲ್ಲ ಹಳದಿ. ಕಳ್ಳರನ್ನ ನೋಡಿ ನೋಡಿ ನಿನಗೆ ಒಳ್ಳೆಯವನು ಕಾಣಲಿಲ್ಲ ಬಿಡು. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ ಹಾಗಾಯ್ತು.”

ಈಗ ಮಾಡುವುದೇನು? ‘ಬೇಡ’ ವಾಪಸು ತೆಗೆದುಕೊಳ್ಳಬೇಕು. ಜೀವಮಾನದಲ್ಲಿ ಮಾಡದ್ದು. ತಗೊಂಡೆ ಅಂತ ಹೇಳಲು ಫೋನು ಮಾಡಿದರೆ ಆಚೆ ಕಡೆ ಎತ್ತುವವರೇ ಇಲ್ಲ. ಮತ್ತೆ ಮತ್ತೆ ಮಾಡುತ್ತಾರೆ. ಮರುದಿನ ಏಜೆಂಟರ ಕಚೇರಿಗೆ ಹೋಗಿ ಬೆಂಚಿನ ಮೇಲೆ ಮುಳ್ಳಿನ ಮೇಲೆ ಕೂತ ಹಾಗೆ ಕೂರುತ್ತಾರೆ. ಏಜೆಂಟರಿಗೆ ಕಣ್ಣು ಕಣ್ಣು ಬಿಡುವಷ್ಟು ಆಶ್ಚರ್ಯ. ನೀವು ಬೇಡ ಅಂದ ಮೇಲೆ ಮುಗೀತಲ್ಲ ಅಕ್ಕಾ ಅನ್ನುತ್ತಾರೆ. ಮುಗಿದಿಲ್ಲ, ತಪ್ಪು ನಂದು, ಹಾಗಂತಲೇ ಹೇಳಿ ಅನ್ನುತ್ತಾರೆ ಇವರು. ಏಜೆಂಟರು ಹೇಗೋ ಅಜ್ಜಿಯನ್ನು ಹಿಡಿದು ಮಾತಾಡಿ ಸುದ್ದಿ ತರುತ್ತಾರೆ. ಹೋಟೆಲ್ಲಿನ ವ್ಯಾಪಾರಿ ನಾಡಿದ್ದು ಬಂದು ಲಾರಿ ಒಯ್ಯುತ್ತಾನಂತೆ. ಅಜ್ಜನಿಗೆ ಸಿಟ್ಟು ಬಂದಿದೆ, ಸಿಟ್ಟಿಗಿಂತ ಹೆಚ್ಚು ನೋವಾಗಿದೆ. ತಮ್ಮ ಶೆಡ್ಡಿನಲ್ಲಿ ಒಲೆ ಉರಿಯುತ್ತಿರುತ್ತದೆ, ಅಲ್ಲೇ ಬಿಟ್ಟರೆ ಆ ಹೆಂಗಸು ಬೆಚ್ಚಗೆ ಮಾಡಿಟ್ಟಿದ್ದಾರೆ ಅಂದುಕೊಂಡಾರು ಅಂತ ಹೆದರಿ ಹೊರಗೆ ಎಳೆಸಿದ್ದರಂತೆ. ಅತಿಯಾದರೆ ಅಮೃತವೂ ವಿಷ ಅನ್ನುತ್ತಾರಲ್ಲ, ಪ್ರಾಮಾಣಿಕತೆಯೂ ಅಷ್ಟೇ ಅಂತ ಕಾಣುತ್ತದೆ.

ಕಡೆಗೆ ಅಜ್ಜ ಒಂದು ಷರತ್ತಿನ ಮೇಲೆ ಫೋನಿಗೆ ಬರಲು ಒಪ್ಪುತ್ತಾರೆ. ಮೊದಲ ಸಲ ಆಕೆ ನನ್ನ ಗಾಡಿ ನೋಡಿದ್ದಾಯಿತು, ಈ ಸಲ ನಾನು ಆಕೆಯನ್ನು ನೋಡುತ್ತೇನೆ!

ಮರುದಿನ ಮತ್ತೆ ನಸುಕು, ಅದೇ ಶೆಡ್ಡು. ಈಗ ಮೊಬೈಲು ಹಿಡಿದಿರುವುದು ಅತ್ತೆ. ಎರಡೂ ಕೈಯಲ್ಲಿ ಆರತಿ ತಟ್ಟೆ ಹಿಡಿದ ಹಾಗೆ ಹಿಡಿದುಕೊಂಡು ನಿಂತಿದ್ದಾರೆ, ಒಮ್ಮೊಮ್ಮೆ ಅಜ್ಜನಿಗೆ ಇವರ ಹೆಬ್ಬೆರಳು ಮಾತ್ರ ಕಾಣುತ್ತದೆ. ಬಾನೆಟ್ ಅಕ್ಕ ಎದುರಿಗೆ ನಿಂತು ಶರಟಿನ ತೋಳನ್ನು ಇಳಿಸಿ ಮತ್ತೆ ಮತ್ತೆ ಮಡಚುತ್ತಿದ್ದಾರೆ. ಜನ್ಮದಲ್ಲಿ ಯಾರ ಪರೀಕ್ಷೆಗೂ ಹೀಗೆ ನಿಂತವರಲ್ಲ. ಇಷ್ಟು ವರ್ಷ ತಮ್ಮೆದುರು ನಿಂತವರ ಪಾಡು ಹೀಗೇ ಇತ್ತಾ ಅಂತ ಮೊದಲ ಸಲ ಅನಿಸುತ್ತದೆ.

ಅಜ್ಜನೂ ಕಸುಬು ಬಲ್ಲವರೇ. ಗೋಡೆಗೆ ಸಾಲಾಗಿ ನೇತುಹಾಕಿದ ಹೊಸ ಸ್ಪ್ಯಾನರುಗಳನ್ನು ನೋಡುವುದಿಲ್ಲ, ದಿನಾ ಬಳಸುವುದು ತೋರಿಸಿ ಅನ್ನುತ್ತಾರೆ. ಇವರು ಹಿಡಿ ಸವೆದದ್ದನ್ನು ತೋರಿಸುತ್ತಾರೆ. ವೈಸಿನ ದವಡೆ ಹತ್ತಿರದಿಂದ ತೋರಿಸಿ ಅನ್ನುತ್ತಾರೆ. ಕೈ ಒರೆಸುವ ಬಟ್ಟೆ ಎಲ್ಲಿಡುತ್ತೀರಿ, ಬಿಚ್ಚಿದ ನಟ್ಟು ಎಲ್ಲಿಡುತ್ತೀರಿ? ನಟ್ಟಿನ ಮಾತು ಬಂದದ್ದೇ ಅತ್ತೆಗೆ ಎಲ್ಲಿಲ್ಲದ ಹುರುಪು ಬಂದು, ಮೊಬೈಲನ್ನು ತಮ್ಮ ಡಬ್ಬಿಗಳ ಮೇಲೆ ಒಂದೊಂದಾಗಿ ಓಡಿಸಿ, ಇದು ದಪ್ಪದ್ದು, ಇದು ಸಣ್ಣದ್ದು, ಇದು ಯಾವುದಕ್ಕೂ ಆಗದ್ದು ಅಂತ ತಮ್ಮ ಭಾಷೆಯಲ್ಲೇ ಅಜ್ಜನಿಗೆ ವಿವರಿಸುತ್ತಾರೆ. ಅಜ್ಜ ತಲೆದೂಗುತ್ತಾರೆ. ಏನು ಅರ್ಥವಾಯಿತೋ ದೇವರೇ ಬಲ್ಲ.

ಆಮೇಲೆ ಕೈ ತೋರಿಸಿ ಅನ್ನುತ್ತಾರೆ. ಬಾನೆಟ್ ಅಕ್ಕ ಎರಡೂ ಅಂಗೈ ಚಾಚುತ್ತಾರೆ. ಗೆರೆಗಳಲ್ಲಿ ಸೋಪಿಗೆ ಬಗ್ಗದ ಗ್ರೀಸು, ಬಲ ಹೆಬ್ಬೆರಳಿನ ಉಗುರು ಹಿಂದೆಂದೋ ಜಜ್ಜಿ ಸೊಟ್ಟಗೆ ಬೆಳೆದಿದೆ. ಅಜ್ಜ ತಮ್ಮ ಹೆಬ್ಬೆರಳನ್ನು ಪರದೆಗೆ ಹಿಡಿಯುತ್ತಾರೆ. ಅದೂ ಸೊಟ್ಟ. ಇಬ್ಬರಿಗೂ ನಗು ಬರುತ್ತದೆ. ಆದರೂ ಅಜ್ಜ ಪೂರ್ತಿ ಕರಗಿಲ್ಲ. ಹಿಂದೆ ಅರ್ಧ ಖಾಲಿಯಾದ ಶೆಲ್ಫುಗಳು, ಕಟ್ಟಿಟ್ಟ ಪೆಟ್ಟಿಗೆಗಳು ಕಾಣುತ್ತಿವೆ. ಅದೇನು ಅಂತ ಕೇಳುತ್ತಾರೆ. ಈ ಜಾಗ ಹೋಗುತ್ತಿದೆ ಅಂತ ಇವರು ಇದ್ದದ್ದು ಇದ್ದ ಹಾಗೆ ಹೇಳುತ್ತಾರೆ. ಹಾಗಾದರೆ ನನ್ನ ಲಾರಿಯನ್ನು ತಂದು ಎಲ್ಲಿ ನಿಲ್ಲಿಸುತ್ತೀರಿ?

“ನಿಲ್ಲಿಸಲ್ಲ ಅಜ್ಜ,” ಅನ್ನುತ್ತಾರೆ ಬಾನೆಟ್ ಅಕ್ಕ. “ನಿಲ್ಲಿಸೋಕೆ ತಗೊಳ್ಳೋರು ಬೇರೆ ಇದಾರೆ. ನಾನು ಅದರ ಕೈಲಿ ಕೆಲಸ ಮಾಡಿಸ್ತೀನಿ. ದಿನಾ. ಬೆಂಚಿಗೆ ಗೀರು ಬೀಳುತ್ತೆ, ಬಣ್ಣ ಹೋಗುತ್ತೆ. ನಿಮಗೆ ಬೇಜಾರಾದ್ರೆ ಈಗ್ಲೇ ಹೇಳಿಬಿಡಿ.”

ಅಜ್ಜ ಪರದೆಯಿಂದ ಮಾಯವಾಗುತ್ತಾರೆ. ಸಿಟ್ಟು ಬಂತಾ, ಎದ್ದುಹೋದರಾ? ಅತ್ತೆ ಸೊಸೆ ಮುಖ ಮುಖ ನೋಡಿಕೊಳ್ಳುತ್ತಾರೆ. ಅಜ್ಜಿ ಮೊಬೈಲು ತಿರುಗಿಸುತ್ತಾರೆ. ಲಾರಿ ಶೆಡ್ಡಿನ ಒಳಗಿದೆ, ಒಲೆ ಆರಿದೆ, ಟ್ರ್ಯಾಕ್ಟರು ದೂರದಲ್ಲಿದೆ. ಅಜ್ಜ ಸೀಟಿನ ಮೇಲೆ ಹತ್ತಿ ಕೂತಾಗಿದೆ. ಯಾರೂ ಹೇಳದೆ ತಾವೇ ಕೈ ಹೊರಗೆ ಚಾಚಿ ಬಾನೆಟ್ಟಿನ ಮೇಲೆ ಅಂಗೈ ಊರಿ, ಮುಖವನ್ನು ಈ ಕಡೆ ತಿರುಗಿಸುತ್ತಾರೆ. ಈ ಸಲ ಕೈ ಎಳೆದುಕೊಳ್ಳುವುದಿಲ್ಲ, ಸ್ವಲ್ಪ ಭುಜ ಕುಣಿಸುತ್ತಾರೆ ಅಷ್ಟೇ. ಸೆಲ್ಫ್ ಹೊಡೆಯುತ್ತಾರೆ. ಒಮ್ಮೆ ಕೆಮ್ಮುತ್ತದೆ. ಎರಡನೇ ಸಲಕ್ಕೆ ಇಡೀ ಶೆಡ್ಡು ಗುಡುಗುವ ಹಾಗೆ ಎದ್ದು ನಿಲ್ಲುತ್ತದೆ. ಈ ಕಡೆಯ ಮೊಬೈಲಿನ ಪುಟ್ಟ ಸ್ಪೀಕರು ಒಡೆದುಹೋಗುವಂಥ ಸದ್ದು! ಬಾನೆಟ್ ಅಕ್ಕ ಕಣ್ಣು ಮುಚ್ಚಿಕೊಂಡು ಕೇಳುತ್ತಾರೆ. ಹೊಗೆ ನೋಡುವುದಿಲ್ಲ, ಮೀಟರು ನೋಡುವುದಿಲ್ಲ. ಒಂದು ಲಯ ತಪ್ಪದೆ ಓಡುತ್ತಿದೆ.

“ತಗೊಂಡೆ,” ಅನ್ನುತ್ತಾರೆ. ಸದ್ದಿನಲ್ಲಿ ಅಜ್ಜನಿಗೆ ಕೇಳಿಸುವುದಿಲ್ಲ. ಕೂಗಿ ಹೇಳುತ್ತಾರೆ. ಅತ್ತೆ ಮೊಬೈಲು ಹಿಡಿದ ಕೈಯಲ್ಲೇ ಕಣ್ಣೊರೆಸಿಕೊಂಡದ್ದರಿಂದ ಆಚೆಯವರಿಗೆ ಆ ಹೊತ್ತಿನಲ್ಲಿ ಏನು ಕಂಡಿತು ಅಂತ ಹೇಳುವುದು ಕಷ್ಟ.

ಹಡಗು ಬರುವಷ್ಟರಲ್ಲಿ ಶೆಡ್ಡು ಇಲ್ಲ. ತಿಂಗಳ ಕೊನೆಗೇ ಕೆಡವಿದರು. ವೈಸನ್ನು ಮನೆಯ ಪಡಸಾಲೆಯಲ್ಲಿ ಗೋಣಿ ಹೊದಿಸಿ ಇಟ್ಟಿದ್ದಾರೆ, ಮಂಚದ ಕೆಳಗೆಲ್ಲ ನಟ್ಟಿನ ಡಬ್ಬಿಗಳು. ಹಳೇ ಗಿರಾಕಿಗಳು ಬಂದು, ಬಯಲಾದ ಜಾಗ ನೋಡಿ, ಬೇರೆ ಗ್ಯಾರೇಜು ಹುಡುಕಿಕೊಂಡು ಹೋದರು. ಇಷ್ಟು ವಾರ ಬಾನೆಟ್ ಅಕ್ಕ ಮನೆಯಲ್ಲಿ ಫ್ಯಾನು, ಮಿಕ್ಸಿ, ಪಕ್ಕದ ಮನೆಯ ಹೊಲಿಗೆ ಮೆಷೀನು ಎಲ್ಲ ಬಿಚ್ಚಿ ಜೋಡಿಸಿದ್ದಾರೆ. ಇನ್ನೊಂದು ವಾರ ತಡವಾಗಿದ್ದರೆ ನನ್ನನ್ನೂ ಬಿಚ್ಚುತ್ತಿದ್ದಳು ಅನ್ನುತ್ತಾರೆ ಗಂಡ. ನಗಿಸಲು ಹೇಳುವ ಮಾತು. ಆದರೆ ಆ ದಿನಗಳಲ್ಲಿ ಬೆಳಿಗ್ಗೆ ಎದ್ದು ಎಲ್ಲಿಗೆ ಹೋಗುವುದು ಅಂತ ತಿಳಿಯದೆ ಆಕೆ ಖಾಕಿ ಶರಟು ತೊಟ್ಟು ಬಾಗಿಲಲ್ಲಿ ನಿಂತಿರುತ್ತಿದ್ದುದನ್ನೂ ಅವರೇ ಹೇಳುತ್ತಾರೆ.

ಬಂದರಿನ ಅಂಗಳದಲ್ಲಿ ಲಾರಿ ಕಂಡಾಗ ಬೆಳಿಗ್ಗೆಯ ಬಿಸಿಲು ಈಗಷ್ಟೇ ಏರುತ್ತಿದೆ. ಗಂಡ ರಜೆ ಹಾಕಿ ಬಂದಿದ್ದಾರೆ, ಅತ್ತೆ ಒಳ್ಳೆಯ ಸೀರೆ ಉಟ್ಟು ಬಂದಿದ್ದಾರೆ. ಬಾನೆಟ್ ಅಕ್ಕ ಮಾತ್ರ ಓಡುವುದಿಲ್ಲ. ಬಗ್ಗಿ, ಟವೆಲ್ಲು ಹಾಸಿ, ಲಾರಿಯ ಕೆಳಗೆ ತೆವಳಿ ಹೋಗುತ್ತಾರೆ. ಎಷ್ಟೋ ಹೊತ್ತು ಅವರ ಕಾಲು ಎರಡೇ ಹೊರಗೆ ಕಾಣುತ್ತವೆ. ಏಜೆಂಟರಿಗೆ ಗಾಬರಿ, ಏನಾದರೂ ತಪ್ಪು ಸಿಕ್ಕಿತಾ ಅಂತ. ಗಂಡ ಬಗ್ಗಿ ನೋಡುತ್ತಾರೆ. ಆಕೆ ಟಾರ್ಚನ್ನೂ ಹಚ್ಚಿಲ್ಲ. ಅಂಗಾತ ಮಲಗಿ, ಕೈ ಮೇಲಕ್ಕೆತ್ತಿ ಛಾಸಿಯನ್ನು ಸವರುತ್ತಾ ನಗುತ್ತಿದ್ದಾರೆ.

ಹೊರಗೆ ಬಂದದ್ದೇ ಸೀಟಿಗೆ ಹತ್ತುತ್ತಾರೆ. ಪಕ್ಕದಲ್ಲಿ ಅತ್ತೆ, ಮಡಿಲಲ್ಲಿ ನಟ್ಟಿನ ಒಂದು ಡಬ್ಬಿ. ಮನೆಯಲ್ಲಿ ಬಿಟ್ಟು ಬರಲು ಮನಸ್ಸಾಗಲಿಲ್ಲವಂತೆ. ಗಂಡ ಮುಂದೆ ನಡೆಯುತ್ತಾ ಬಸ್ಸಿಗೆ ರಿವರ್ಸು ಹೇಳುವ ಹಾಗೆ ಬರ್ಲಿ ಬರ್ಲಿ ಅಂತ ಕೈ ಬೀಸುತ್ತಾರೆ. ಬಂದರಿನ ಗೇಟು ದಾಟುತ್ತಿದ್ದ ಹಾಗೆ ಕೂಲಿಯವರು, ಲಾರಿಯವರು, ಕಾವಲಿನವರು ಎಲ್ಲ ಕೆಲಸ ಬಿಟ್ಟು ನಿಂತು ನೋಡುತ್ತಾರೆ. ಇಷ್ಟು ವರ್ಷ ಇದೇ ಗೇಟಿನಲ್ಲಿ ಬೇರೆಯವರ ಗಾಡಿಗಳನ್ನು ಕಳಿಸಿಕೊಟ್ಟು ಬಾನೆಟ್ ಅಕ್ಕ ಬಸ್ಸು ಹತ್ತಿ ಮನೆಗೆ ಹೋಗುತ್ತಿದ್ದರು. ಈವತ್ತು ಸ್ಟೀರಿಂಗು ಹಿಡಿದ ಅವರ ಮುಖ ನೋಡಬೇಕು, ಸಂತೋಷಕ್ಕೆ ಜಾಗ ಸಾಲದ ಹಾಗಿದೆ.

ರಸ್ತೆ ಬದಿಯ ಮರದ ಕೆಳಗೆ ಲಾರಿ ನಿಲ್ಲಿಸುತ್ತಾರೆ. ಒಮ್ಮೆ ತೆರೆದು ನೋಡಬೇಕು, ಮನೆ ತಲುಪುವವರೆಗೆ ತಡೆಯಲಾಗದು. ಗಂಡ ಒಂದು ಕಡೆ, ಇವರು ಒಂದು ಕಡೆ ಹಿಡಿದು ಪಕ್ಕದ ತಗಡನ್ನು ಮೇಲೆತ್ತುತ್ತಾರೆ. ನೆರಳು ಬೀಳುತ್ತದೆ. ಕೆಳಗಿನದನ್ನು ಇಳಿಸುತ್ತಾರೆ. ಬೆಂಚು ಸರಿಯಾಗಿ ಇವರ ಸೊಂಟದ ಮಟ್ಟಕ್ಕೆ ಬಂದು ನಿಲ್ಲುತ್ತದೆ. ಮುಂದೇನಾಗಬೇಕು ಅಂತ ಆಸೆ ಅಂತ ಕೇಳಿದರೆ ಬಾನೆಟ್ ಅಕ್ಕ ಬೆಂಚಿನ ಮೇಲೆ ಕೈ ಆಡಿಸುತ್ತಾ ಯೋಚಿಸುತ್ತಾರೆ. “ಆಸೆ ಏನ್ರೀ… ಜನಕ್ಕೆ ಗೊತ್ತಾದ್ರೆ ಸಾಕು ನಾನು ಎಲ್ಲಿದೀನಿ ಅಂತ. ಅದೇ ಹೇಗೆ ಗೊತ್ತಾಗುತ್ತೋ.”

ಮಾತು ಮುಗಿದಿಲ್ಲ, ಕೊರಿಯರಿನವನೊಬ್ಬ ಕೆಟ್ಟ ಸ್ಕೂಟರನ್ನು ತಳ್ಳಿಕೊಂಡು ರಸ್ತೆಯಲ್ಲಿ ಬರುತ್ತಾನೆ. ಮೈಯೆಲ್ಲ ಬೆವರು, ಹಿಂದೆ ಹಂಚದೆ ಉಳಿದ ಪಾರ್ಸಲ್ಲುಗಳು. ಮರದ ಕೆಳಗಿನ ಹಸಿರು ಲಾರಿ ಎಷ್ಟು ಹಳೆಯದು, ಎಲ್ಲಿಂದ ಬಂತು, ಅವನಿಗೆ ಯಾವುದೂ ಬೇಕಿಲ್ಲ. ಬೆಂಚು, ವೈಸು, ಖಾಕಿ ಶರಟು ಕಂಡವನೇ ನಿಂತು ಕೇಳುತ್ತಾನೆ.

“ಅಕ್ಕಾ, ಅಂಗಡಿ ತೆಗೆದಿದೆಯಾ?”

ಬಾನೆಟ್ ಅಕ್ಕ ಗಂಡನ ಕಡೆ ನೋಡುತ್ತಾರೆ. ಗಂಡ ಆ ಕಡೆ ತಿರುಗಿ ನಿಂತಿದ್ದಾರೆ. ಅತ್ತೆ ಆಗಲೇ ಡಬ್ಬಿಯ ಮುಚ್ಚಳ ತೆಗೆಯುತ್ತಿದ್ದಾರೆ.

“ತೆಗೆದಿದೆ,” ಅನ್ನುತ್ತಾರೆ ಶರಟಿನ ತೋಳು ಮಡಚುತ್ತಾ. “ಈಗ ತಾನೇ ತೆಗೆದ್ವಿ. ತಳ್ಕೊಂಡು ಬಾಪ್ಪ.”